ಸೊನ್ನೆಯ ಜಾಗದಲ್ಲಿ ಯಾರಿದ್ದಾರೆ? ಇಂಡೆಕ್ಸ್ ನೆಚ್ಚಿದ ಟೆಸ್ಟ್ ಒಂದರ ಪ್ರಕರಣ ಅಧ್ಯಯನ

ಟೆಸ್ಟ್ ಚಿಕ್ಕದು. ಒಂದು ಆರ್ಡರ್, ಅದರಲ್ಲಿ ಮೂರು ಐಟಂ. ಆರ್ಡರ್ ಸಂಖ್ಯೆ ಕೊಟ್ಟರೆ ಅದರ ಐಟಂಗಳ ಲಿಸ್ಟ್ ಹಿಂತಿರುಗಿಸುವ ಒಂದು ಮೆಥಡ್ ಇದೆ. ಅದು ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ನೋಡುವುದಷ್ಟೇ ಈ ಟೆಸ್ಟ್‌ನ ಕೆಲಸ. ಭಾಷೆ ಜಾವಾ, ಟೆಸ್ಟ್ ಓಡಿಸುವುದು ಜೆಯುನಿಟ್ 5, ಅಸರ್ಷನ್‌ಗಳಿಗೆ (ಬಂದ ಮೌಲ್ಯ ನಿರೀಕ್ಷೆಯಂತಿದೆಯೇ ಎಂದು ನೋಡುವ ಸಾಲುಗಳಿಗೆ) ಅಸರ್ಟ್‌ಜೆ ಲೈಬ್ರರಿ, ಹಿಂದೆ ಇರುವ ಡೇಟಾಬೇಸ್ ಪೋಸ್ಟ್‌ಗ್ರೆಸ್. ಡೆವಲಪರ್‌ಗಳ ಯಂತ್ರದಲ್ಲಿ ಈ ಟೆಸ್ಟ್ ಯಾವಾಗ ಓಡಿಸಿದರೂ ಪಾಸ್. ಸಿಐ ಸರ್ವರ್‌ನಲ್ಲಿ (ಕೋಡ್ ಬದಲಾದಾಗಲೆಲ್ಲ ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ಯಂತ್ರದಲ್ಲಿ) ಮಾತ್ರ ಆಗೊಮ್ಮೆ ಈಗೊಮ್ಮೆ ಫೇಲ್. ಮತ್ತೆ ಓಡಿಸಿದರೆ ಪಾಸ್.

ಟೆಸ್ಟ್ ಮೊದಲು ಮೂರು ಐಟಂ ಸೇರಿಸುತ್ತದೆ: ಕೋಡ್ ಪಿ-101, ಪ್ರಮಾಣ 2, ದರ 120.50, ಕೋಡ್ ಪಿ-204, ಪ್ರಮಾಣ 1, ದರ 75.00, ಕೋಡ್ ಪಿ-310, ಪ್ರಮಾಣ 5, ದರ 9.25. ಬೇರೊಂದು ಟೆಸ್ಟ್‌ಗೆ ಬೇಕೆಂದು ಮೂರನೆಯ ಐಟಂಗೆ ಎರಡು ರಿಯಾಯಿತಿಗಳನ್ನೂ ಜೋಡಿಸಿಟ್ಟಿದೆ. ಆಮೇಲೆ ಮೆಥಡ್ ಕರೆದು, ಬಂದ ಲಿಸ್ಟ್‌ನ ಮೇಲೆ ಮೂರು ಅಸರ್ಷನ್ (ಗೆಟ್‌ಗೆ ಕೊಡುವ ಸಂಖ್ಯೆಯೇ ಇಂಡೆಕ್ಸ್, ಅಂದರೆ ಲಿಸ್ಟ್‌ನಲ್ಲಿ ಐಟಂನ ಜಾಗ; ಎಣಿಕೆ ಸೊನ್ನೆಯಿಂದ ಶುರು):

ಅಸರ್ಟ್‌ದಟ್(ಐಟಂಗಳು.ಗೆಟ್(0).ಕೋಡ್()).ಈಸ್‌ಈಕ್ವಲ್‌ಟು("ಪಿ-101");
ಅಸರ್ಟ್‌ದಟ್(ಐಟಂಗಳು.ಗೆಟ್(1).ಕೋಡ್()).ಈಸ್‌ಈಕ್ವಲ್‌ಟು("ಪಿ-204");
ಅಸರ್ಟ್‌ದಟ್(ಐಟಂಗಳು.ಗೆಟ್(2).ಪ್ರಮಾಣ()).ಈಸ್‌ಈಕ್ವಲ್‌ಟು(5);

ಸಿಐನಲ್ಲಿ ಫೇಲ್ ಆದಾಗ ಲಾಗ್‌ನಲ್ಲಿ ಸಿಗುವುದು ಇಷ್ಟೇ: ನಿರೀಕ್ಷಿಸಿದ್ದು "ಪಿ-101", ಬಂದದ್ದು "ಪಿ-310". ಮೊದಲ ಅಸರ್ಷನ್ ಬಿದ್ದೊಡನೆ ಟೆಸ್ಟ್ ಅಲ್ಲಿಗೇ ನಿಲ್ಲುತ್ತದೆ. ಉಳಿದ ಎರಡರ ಗತಿ ಏನು, ಲಿಸ್ಟ್‌ನಲ್ಲಿ ಎಷ್ಟು ಐಟಂ ಇದ್ದವು, ಪಿ-101 ಬಂದಿತ್ತೋ ಇಲ್ಲವೋ, ಒಂದೂ ತಿಳಿಯುವುದಿಲ್ಲ. ಪಿ-101 ಕಾಣೆಯಾಗಿದ್ದರೂ ಇದೇ ಸಂದೇಶ, ಎರಡನೆಯ ಜಾಗಕ್ಕೆ ಸರಿದಿದ್ದರೂ ಇದೇ ಸಂದೇಶ. ಮೊದಲನೆಯದು ದೊಡ್ಡ ಬಗ್. ಎರಡನೆಯದು ಬಗ್ ಹೌದೋ ಅಲ್ಲವೋ ಎಂಬುದೇ ಇನ್ನೂ ತೀರ್ಮಾನವಾಗಿಲ್ಲ. ಎರಡಕ್ಕೂ ಒಂದೇ ಸಾಲಿನ ವರದಿ ಕೊಡುವ ಟೆಸ್ಟ್ ಇಟ್ಟುಕೊಂಡು ತನಿಖೆ ಶುರು ಮಾಡಬೇಕು.

ಇನ್ನೂ ಒಂದು ಲೆಕ್ಕ ನೋಡಿ. ಮೂರು ಐಟಂ, ಪ್ರತಿಯೊಂದಕ್ಕೂ ಮೂರು ಫೀಲ್ಡ್, ಒಟ್ಟು ಒಂಬತ್ತು ಮೌಲ್ಯ. ಟೆಸ್ಟ್ ಮುಟ್ಟಿ ನೋಡಿದ್ದು ಮೂರನ್ನು. ಮೂರನೆಯ ಐಟಂನ ಕೋಡ್ ನೋಡಿಲ್ಲ, ದರವನ್ನಂತೂ ಎಲ್ಲೂ ನೋಡಿಲ್ಲ, ಲಿಸ್ಟ್‌ನ ಉದ್ದವನ್ನೂ ನೋಡಿಲ್ಲ. ಇಂಡೆಕ್ಸ್ ಹಿಡಿದು ಬರೆಯುವ ಅಸರ್ಷನ್‌ಗಳಲ್ಲಿ ಇದು ತಾನಾಗಿಯೇ ಆಗಿಬಿಡುತ್ತದೆ. ಒಂದೊಂದು ಮೌಲ್ಯಕ್ಕೂ ಒಂದೊಂದು ಸಾಲು ಬರೆಯಬೇಕಾದ್ದರಿಂದ ಮೂರ್ನಾಲ್ಕು ಸಾಲಿಗೆ ಕೈ ಸೋಲುತ್ತದೆ, "ಇಷ್ಟು ಸಾಕು" ಅನ್ನಿಸುತ್ತದೆ.

ಕ್ರಮ ಕೆಡುವುದು ಎಲ್ಲಿ

ಮೆಥಡ್‌ನ ಒಳಗಿನ ಕ್ವೆರಿ (ಡೇಟಾಬೇಸ್‌ಗೆ ಕಳಿಸುವ ಪ್ರಶ್ನೆ) ಐಟಂ ಟೇಬಲ್ ಅನ್ನು ರಿಯಾಯಿತಿ ಟೇಬಲ್ ಜೊತೆ ಲೆಫ್ಟ್ ಜಾಯಿನ್ ಮಾಡುತ್ತದೆ (ರಿಯಾಯಿತಿ ಇಲ್ಲದ ಐಟಂಗಳನ್ನೂ ಬಿಡದೆ ಜೋಡಿಸುತ್ತದೆ), ಆರ್ಡರ್ ಸಂಖ್ಯೆಯಿಂದ ಸೋಸುತ್ತದೆ. ಸಾಲುಗಳು ಯಾವ ಕ್ರಮದಲ್ಲಿ ಬರಬೇಕೆಂದು ಹೇಳುವ ಆರ್ಡರ್ ಬೈ ಇಲ್ಲ. ಆರ್ಡರ್ ಬೈ ಇಲ್ಲದ ಕ್ವೆರಿಗೆ ಎಸ್‌ಕ್ಯುಎಲ್ ಯಾವ ಕ್ರಮದ ಭರವಸೆಯನ್ನೂ ಕೊಡುವುದಿಲ್ಲ. ಇದು ಎಲ್ಲರಿಗೂ ಗೊತ್ತಿರುವ ಮಾತು. ಆದರೂ ಹೊಸ ಟೇಬಲ್‌ನಲ್ಲಿ ನಾಲ್ಕು ಸಾಲು ಸೇರಿಸಿ ಓದಿದರೆ ಸೇರಿಸಿದ ಕ್ರಮದಲ್ಲೇ ಬರುತ್ತವೆ, ನೂರು ಸಲ ಓದಿದರೂ ಹಾಗೆಯೇ ಬರುತ್ತವೆ. ಹಾಗಾಗಿ ಭರವಸೆ ಇಲ್ಲ ಎಂಬುದು ಮರೆತುಹೋಗುತ್ತದೆ.

ಡೆವಲಪರ್ ಯಂತ್ರದಲ್ಲಿ ಪ್ರತಿ ಸಲವೂ ಹೊಸ ಕಂಟೇನರ್ (ಆ ಓಟಕ್ಕೆಂದೇ ಹೊಸದಾಗಿ ಎದ್ದ ಡೇಟಾಬೇಸ್), ಖಾಲಿ ಟೇಬಲ್. ಪೋಸ್ಟ್‌ಗ್ರೆಸ್ ಸಾಲುಗಳನ್ನು 8 ಕೆಬಿಯ ಪುಟಗಳಲ್ಲಿ ಇಡುತ್ತದೆ. ಖಾಲಿ ಟೇಬಲ್‌ನಲ್ಲಿ ಮೂರೂ ಸಾಲು ಸೊನ್ನೆಯ ಪುಟದಲ್ಲಿ ಒಂದರ ಹಿಂದೊಂದು ಕೂರುತ್ತವೆ, ಓದುವಾಗಲೂ ಅದೇ ಕ್ರಮದಲ್ಲಿ ಏಳುತ್ತವೆ. ಸಿಐ ಡೇಟಾಬೇಸ್ ಹಾಗಲ್ಲ. ಅದು ದಿನಗಟ್ಟಲೆ ಬದುಕಿರುವ, ಹಲವು ಟೆಸ್ಟ್‌ಗಳು ಹಂಚಿಕೊಂಡ ಡೇಟಾಬೇಸ್. ಪ್ರತಿ ಟೆಸ್ಟ್ ತನ್ನ ಸಾಲುಗಳನ್ನು ಸೇರಿಸಿ ಕೊನೆಯಲ್ಲಿ ಅಳಿಸುತ್ತದೆ. ಅಳಿಸಿದ ಸಾಲು ಒಡನೆಯೇ ಜಾಗ ಬಿಡುವುದಿಲ್ಲ, ಸತ್ತ ಸಾಲಾಗಿ ಅಲ್ಲೇ ಇರುತ್ತದೆ. ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಸತ್ತ ಸಾಲುಗಳ ಸಂಖ್ಯೆ 50ರ ಜೊತೆಗೆ ಟೇಬಲ್‌ನ 20 ಶೇಕಡಾ ಸೇರಿದ ಮೊತ್ತವನ್ನು ದಾಟಿದರೆ ಆಟೋವ್ಯಾಕ್ಯೂಮ್ ಬಂದು ಗುಡಿಸುತ್ತದೆ. ಗುಡಿಸಬೇಕೇ ಎಂದು ಅದು ನಿಮಿಷಕ್ಕೊಮ್ಮೆ ನೋಡುತ್ತದೆ. ಗುಡಿಸಿದ ಜಾಗ ಮುಂದಿನ ಇನ್ಸರ್ಟ್‌ಗೆ ಸಿಗುತ್ತದೆ. ನಮ್ಮ ಮೊದಲ ಎರಡು ಐಟಂ 7ನೇ ಪುಟದಲ್ಲಿ ಉಳಿದ ಜಾಗ ತುಂಬಿದವು ಎನ್ನಿ. ಆ ಪುಟ ತುಂಬಿತು. ಮೂರನೆಯದಕ್ಕೆ ಖಾಲಿ ಜಾಗದ ನಕ್ಷೆ ತೋರಿಸಿದ್ದು 3ನೇ ಪುಟ. ಓದುವಾಗ 3 ಮೊದಲು, 7 ಆಮೇಲೆ. ಪಿ-310 ಸೊನ್ನೆಯ ಜಾಗಕ್ಕೆ ಬಂದು ಕೂತಿತು.

ಊಹೆ ಬೇಡ ಎನ್ನುವವರಿಗೆ ಪೋಸ್ಟ್‌ಗ್ರೆಸ್‌ನಲ್ಲೇ ಸಾಕ್ಷಿ ಇದೆ. ಪ್ರತಿ ಟೇಬಲ್‌ನಲ್ಲೂ ಸಿಟಿಐಡಿ ಎಂಬ ಮರೆಯ ಕಾಲಂ ಇರುತ್ತದೆ. ಅದನ್ನು ಹೆಸರು ಹಿಡಿದು ಸೆಲೆಕ್ಟ್ ಮಾಡಿದರೆ ಸಾಲು ಯಾವ ಪುಟದ ಎಷ್ಟನೆಯ ಜಾಗದಲ್ಲಿದೆ ಎಂದು ಜೋಡಿ ಸಂಖ್ಯೆಯಲ್ಲಿ ಹೇಳುತ್ತದೆ. ಫೇಲ್ ಆದಾಗ ಡೇಟಾ ಅಳಿಸದಂತೆ ಮಾಡಿಟ್ಟು ಈ ಕಾಲಂ ನೋಡಿದರೆ (7,41), (7,42), (3,12) ಎಂಬಂಥ ಉತ್ತರ ಸಿಗುತ್ತದೆ. ಅಲ್ಲಿಗೆ ತನಿಖೆ ಮುಗಿಯಿತು.

ಯಂತ್ರದಲ್ಲೇ ಮರುಸೃಷ್ಟಿ ಮಾಡಬೇಕೆಂದರೆ ವ್ಯಾಕ್ಯೂಮ್‌ಗೆ ಕಾಯಬೇಕಿಲ್ಲ. ಮೂರು ಸಾಲು ಸೇರಿಸಿ, ಮೊದಲನೆಯದರ ಪ್ರಮಾಣವನ್ನು ಅಷ್ಟೇ ಪ್ರಮಾಣಕ್ಕೆ ಅಪ್‌ಡೇಟ್ ಮಾಡಿ, ಓದಿ. ಪೋಸ್ಟ್‌ಗ್ರೆಸ್‌ನಲ್ಲಿ ಅಪ್‌ಡೇಟ್ ಎಂದರೆ ಇದ್ದಲ್ಲೇ ತಿದ್ದುವುದಲ್ಲ, ಸಾಲಿನ ಹೊಸ ಆವೃತ್ತಿಯನ್ನು ಬೇರೆ ಜಾಗದಲ್ಲಿ ಬರೆಯುವುದು. ಹಾಗಾಗಿ ಪಿ-101 ಕೊನೆಗೆ ಹೋಗಿ 204, 310, 101 ಎಂಬ ಕ್ರಮ ಬರುತ್ತದೆ. ಎರಡು ನಿಮಿಷದ ಕೆಲಸ. "ಆರ್ಡರ್ ಸಂಖ್ಯೆಗೆ ಡೇಟಾಬೇಸ್ ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಹಾಕಿದರೆ ಕ್ರಮ ನಿಲ್ಲುತ್ತದೆ" ಎನ್ನುವ ವಾದಕ್ಕೂ ಇಲ್ಲೇ ಉತ್ತರವಿದೆ: ಒಂದೇ ಕೀ ಇರುವ ಸಾಲುಗಳನ್ನು ಪೋಸ್ಟ್‌ಗ್ರೆಸ್‌ನ ಬಿ-ಟ್ರೀ ಇಂಡೆಕ್ಸ್ 12ನೇ ಆವೃತ್ತಿಯಿಂದ ಭೌತಿಕ ಜಾಗದ ಕ್ರಮದಲ್ಲೇ ಜೋಡಿಸಿಡುತ್ತದೆ. ಜಾಗ ಬದಲಾದರೆ ಇಂಡೆಕ್ಸ್ ಕೊಡುವ ಕ್ರಮವೂ ಬದಲಾಗಬಹುದು.

ಕೈಗೆ ಮೊದಲು ಸಿಗುವ ತೇಪೆಗಳು

ಇಂಥ ಟೆಸ್ಟ್‌ಗೆ ಸಾಮಾನ್ಯವಾಗಿ ಬೀಳುವ ತೇಪೆಗಳು ಮೂರು. ಮೂರೂ ಹಸಿರು ಬಣ್ಣ ತರುತ್ತವೆ, ಅದಕ್ಕೇ ಅಪಾಯ.

ಟೆಸ್ಟ್ ಓಡಿಸುವ ಮೇವನ್ ಶೂರ್‌ಫೈರ್ ಪ್ಲಗಿನ್‌ನಲ್ಲಿ ಫೇಲ್ ಆದ ಟೆಸ್ಟನ್ನು ಇಂತಿಷ್ಟು ಸಲ ಮತ್ತೆ ಓಡಿಸುವ ಆಯ್ಕೆ ಇದೆ. ಅದನ್ನು 2 ಎಂದು ಇಟ್ಟರೆ, ಮರು ಓಟದಲ್ಲಿ ಪಾಸ್ ಆದ ಟೆಸ್ಟ್‌ಗೆ ಫ್ಲೇಕ್ (ಒಮ್ಮೆ ಫೇಲ್, ಒಮ್ಮೆ ಪಾಸ್) ಎಂಬ ಹಣೆಪಟ್ಟಿ ಬೀಳುತ್ತದೆ, ಬಿಲ್ಡ್ ಮುಂದೆ ಸಾಗುತ್ತದೆ. ಮರು ಓಟದಲ್ಲಿ ಸಾಲುಗಳು ಬೇರೆ ಜಾಗಕ್ಕೆ ಬೀಳುವುದರಿಂದ ಹೆಚ್ಚಿನ ಸಲ ಪಾಸ್ ಆಗಿಯೇ ಆಗುತ್ತದೆ. ಬಳಕೆದಾರರ ತೆರೆಯ ಮೇಲೆ ಐಟಂಗಳು ಕಲಸಿಹೋಗುವುದು ಹಾಗೆಯೇ ಉಳಿಯುತ್ತದೆ.

ಎರಡನೆಯದು, ಟೆಸ್ಟ್‌ನೊಳಗೆ ಲಿಸ್ಟನ್ನು ಕೋಡ್ ಪ್ರಕಾರ ಸಾರ್ಟ್ ಮಾಡಿ ಆಮೇಲೆ ಇಂಡೆಕ್ಸ್ ನೋಡುವುದು. ಕ್ರಮ ಮುಖ್ಯವಲ್ಲದ ಕಡೆ ಇದು ಸುತ್ತುಬಳಸಿನ ದಾರಿ ಅಷ್ಟೇ. ಕ್ರಮ ಮುಖ್ಯವಾದ ಕಡೆ ಪರೀಕ್ಷಿಸಬೇಕಾದುದನ್ನು ಟೆಸ್ಟೇ ಅಳಿಸಿಹಾಕಿದಂತೆ. ಮೆಥಡ್ ತಲೆಕೆಳಗಾಗಿ ಕೊಟ್ಟರೂ ಟೆಸ್ಟ್ ಅದನ್ನು ನೇರ ಮಾಡಿ ಮೆಚ್ಚಿಕೊಳ್ಳುತ್ತದೆ.

ಮೂರನೆಯದು ಹೆಸರಿನ ಬಲೆ. ಇಂಡೆಕ್ಸ್ ಬೇಡ, ಕಂಟೇನ್ಸ್ ಬಳಸೋಣ ಎಂದು ಹೊರಡುವವರು ಯಾವ ಲೈಬ್ರರಿಯ ಕಂಟೇನ್ಸ್ ಎಂದು ನೋಡಲೇಬೇಕು. ಅಸರ್ಷನ್‌ಗಳ ಇನ್ನೊಂದು ಲೈಬ್ರರಿ ಹ್ಯಾಮ್‌ಕ್ರೆಸ್ಟ್‌ನಲ್ಲಿ ಕಂಟೇನ್ಸ್ ಎಂದರೆ ಇಷ್ಟೇ ಐಟಂ, ಇದೇ ಕ್ರಮ. ಒಂದು ಹೆಚ್ಚಾದರೂ ಫೇಲ್. ಅಸರ್ಟ್‌ಜೆಯಲ್ಲಿ ಅದೇ ಹೆಸರಿಗೆ ಅರ್ಥ ಪೂರ್ತಿ ಸಡಿಲ: ಇವು ಎಲ್ಲೋ ಇದ್ದರೆ ಸಾಕು, ಕ್ರಮ ಲೆಕ್ಕವಿಲ್ಲ, ಹೆಚ್ಚುವರಿ ಐಟಂ ಇದ್ದರೂ ಪರವಾಗಿಲ್ಲ. ಒಂದರಿಂದ ಇನ್ನೊಂದಕ್ಕೆ ಟೆಸ್ಟ್‌ಗಳನ್ನು ಸಾಗಿಸುವಾಗ ಹೆಸರು ಹಾಗೇ ಉಳಿಸಿಕೊಂಡರೆ ಬಿಗಿಯಾದ ಟೆಸ್ಟ್ ಸದ್ದಿಲ್ಲದೆ ಜಾಳಾಗುತ್ತದೆ. ಅಸರ್ಟ್‌ಜೆಯ ಕಂಟೇನ್ಸ್‌ಓನ್ಲಿ ಕೂಡ ಮೋಸದ್ದೇ: ಬೇರೆ ಐಟಂ ಇರಬಾರದು ಎನ್ನುತ್ತದೆ, ಆದರೆ ಒಂದೇ ಐಟಂ ಎರಡು ಸಲ ಬಂದರೆ ಸುಮ್ಮನಿರುತ್ತದೆ. ಈ ಪ್ರಕರಣದಲ್ಲಿ ಆ ಕೊನೆಯ ಮಾತಿಗೆ ತುಂಬ ಬೆಲೆ ಇದೆ.

ಕೇಳಬೇಕಿದ್ದ ಪ್ರಶ್ನೆ

ಅಸರ್ಷನ್ ಮುಟ್ಟುವ ಮೊದಲು ತೀರ್ಮಾನಿಸಬೇಕಾದದ್ದು ಒಂದೇ: ಕ್ರಮವು ಈ ಮೆಥಡ್ ಕೊಡುವ ಮಾತಿನ ಭಾಗವೇ? ಇದನ್ನು ಟೆಸ್ಟ್ ಬರೆಯುವವರು ಒಬ್ಬರೇ ಕೂತು ನಿರ್ಧರಿಸಲಾಗದು. ಲಿಸ್ಟನ್ನು ಯಾರು ಬಳಸುತ್ತಾರೆ ಎಂದು ನೋಡಬೇಕು. ಇಲ್ಲಿ ಲಿಸ್ಟ್ ಹೋಗುವುದು ಬಿಲ್‌ಗೆ. ಬಿಲ್ ಮೇಲೆ 1, 2, 3 ಎಂದು ಸಂಖ್ಯೆ ಬೀಳುತ್ತದೆ, ಹಿಂತಿರುಗಿಸುವ ಅರ್ಜಿಯಲ್ಲಿ ಬಳಕೆದಾರರು ಆ ಸಂಖ್ಯೆಯನ್ನೇ ಬರೆಯುತ್ತಾರೆ. ನಿನ್ನೆ 1 ಆಗಿದ್ದದ್ದು ಇಂದು 3 ಆದರೆ ತಪ್ಪು ಐಟಂ ಹಿಂತಿರುಗುತ್ತದೆ. ಅಂದರೆ ಕ್ರಮ ಮಾತಿನ ಭಾಗವೇ. ಫ್ಲೇಕಿ ಎಂದು ಬೈಸಿಕೊಂಡ ಟೆಸ್ಟ್ ಒಂದು ನಿಜವಾದ ದೋಷವನ್ನೇ ತೋರಿಸುತ್ತಿತ್ತು, ಬಾಯಿ ಮಾತ್ರ ತೊದಲುತ್ತಿತ್ತು.

ಹಾಗಾಗಿ ತಿದ್ದುಪಡಿ ಮೊದಲು ಕೋಡ್‌ನಲ್ಲಿ, ಆಮೇಲೆ ಟೆಸ್ಟ್‌ನಲ್ಲಿ.

ಆರ್ಡರ್ ಬೈ ಹಾಕುವುದು ಸರಿ, ಯಾವ ಕಾಲಂ ಮೇಲೆ? ಸೃಷ್ಟಿಯಾದ ಸಮಯದ ಕಾಲಂ ಮೊದಲು ಹೊಳೆಯುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ನೌ ಫಂಕ್ಷನ್ ಕೊಡುವುದು ಟ್ರಾನ್ಸಾಕ್ಷನ್ (ಒಟ್ಟಿಗೆ ನಡೆಯುವ ಬದಲಾವಣೆಗಳ ಗುಂಪು) ಶುರುವಾದ ಸಮಯ. ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಸೇರಿದ ಮೂರೂ ಐಟಂಗೆ ಮೈಕ್ರೋಸೆಕೆಂಡೂ ಬಿಡದೆ ಒಂದೇ ಸಮಯ. ಅದರ ಮೇಲೆ ಸಾರ್ಟ್ ಮಾಡುವುದೂ ಒಂದೇ, ಮಾಡದಿರುವುದೂ ಒಂದೇ. ಐಡಿ ಮೇಲೆ ಸಾರ್ಟ್ ಮಾಡಬಹುದು, ಅದು ಏರುವ ಸಂಖ್ಯೆಯಾಗಿದ್ದರೆ. ಯಾದೃಚ್ಛಿಕ ಯುಯುಐಡಿ (ಉದ್ದನೆಯ ಗುರುತು) ಆದರೆ ಕ್ರಮ ಸ್ಥಿರವಾಗಿರುತ್ತದೆ, ಅರ್ಥ ಮಾತ್ರ ಇರುವುದಿಲ್ಲ. ಸರಿಯಾದ ದಾರಿ ಕ್ರಮಸಂಖ್ಯೆಗೆಂದೇ ಒಂದು ಕಾಲಂ. ಆರ್ಡರ್ ಸಂಖ್ಯೆ ಮತ್ತು ಕ್ರಮಸಂಖ್ಯೆ ಎರಡರ ಜೋಡಿಗೆ ಯುನೀಕ್ ನಿರ್ಬಂಧ. ಹಳೆಯ ಸಾಲುಗಳಿಗೆ ರೋ ನಂಬರ್ ವಿಂಡೋ ಫಂಕ್ಷನ್‌ನಿಂದ, ಆರ್ಡರ್ ಪ್ರಕಾರ ಪಾರ್ಟಿಷನ್ ಮಾಡಿ, ಐಡಿ ಪ್ರಕಾರ ಜೋಡಿಸಿ ಸಂಖ್ಯೆ ತುಂಬಬಹುದು. ಯುನೀಕ್ ನಿರ್ಬಂಧ ಅಲಂಕಾರಕ್ಕಲ್ಲ: ಸಮ ಬಂದ ಎರಡು ಸಾಲುಗಳ ನಡುವೆ ಯಾವುದು ಮೊದಲು ಎಂಬ ಪ್ರಶ್ನೆಯೇ ಏಳದಂತೆ ಅದು ತಡೆಯುತ್ತದೆ. ದರ, ದಿನಾಂಕ ಇಂಥವುಗಳ ಮೇಲೆ ಸಾರ್ಟ್ ಮಾಡುವ ಬೇರೆ ಲಿಸ್ಟ್‌ಗಳಲ್ಲಿ ಸಮ ಬಂದಾಗ ಬಿಡಿಸಲು ಇನ್ನೊಂದು ಕಾಲಂ ಆರ್ಡರ್ ಬೈನ ಕೊನೆಯಲ್ಲಿ ಇರಲೇಬೇಕು.

ಇಡೀ ಲಿಸ್ಟ್ ಮೇಲೆ ಒಂದೇ ಅಸರ್ಷನ್

ಟೆಸ್ಟ್‌ನ ಹೊಸ ರೂಪದಲ್ಲಿ ಮೂರು ಗೆಟ್ ಹೋಗಿ ಒಂದೇ ವಾಕ್ಯ ಬರುತ್ತದೆ. ಅಸರ್ಟ್‌ಜೆಯ ಎಕ್ಸ್‌ಟ್ರಾಕ್ಟಿಂಗ್‌ಗೆ ಕೋಡ್, ಪ್ರಮಾಣ, ದರ ಎಂಬ ಮೂರು ಫೀಲ್ಡ್ ಕೊಟ್ಟರೆ ಪ್ರತಿ ಐಟಂ ಒಂದು ಟಪಲ್ (ಮೌಲ್ಯಗಳ ಕಟ್ಟು) ಆಗುತ್ತದೆ. ಆಮೇಲೆ ಕಂಟೇನ್ಸ್‌ಎಕ್ಸಾಕ್ಟ್‌ಲಿಗೆ ನಿರೀಕ್ಷೆಯ ಮೂರು ಟಪಲ್:

ಅಸರ್ಟ್‌ದಟ್(ಐಟಂಗಳು)
  .ಎಕ್ಸ್‌ಟ್ರಾಕ್ಟಿಂಗ್(ಐಟಂ::ಕೋಡ್, ಐಟಂ::ಪ್ರಮಾಣ, ಐಟಂ::ದರ)
  .ಕಂಟೇನ್ಸ್‌ಎಕ್ಸಾಕ್ಟ್‌ಲಿ(
    ಟಪಲ್("ಪಿ-101", 2, ಬಿಗ್‌ಡೆಸಿಮಲ್("120.50")),
    ಟಪಲ್("ಪಿ-204", 1, ಬಿಗ್‌ಡೆಸಿಮಲ್("75.00")),
    ಟಪಲ್("ಪಿ-310", 5, ಬಿಗ್‌ಡೆಸಿಮಲ್("9.25")));

ಉದ್ದ, ಕ್ರಮ, ಒಂಬತ್ತೂ ಮೌಲ್ಯ ಒಂದೇ ಏಟಿಗೆ ಪರೀಕ್ಷೆಯಾಗುತ್ತವೆ. ಫೇಲ್ ಆದರೆ ಬಂದ ಲಿಸ್ಟ್ ಪೂರ್ತಿ ಮುದ್ರಣವಾಗುತ್ತದೆ. ಅದರ ಜೊತೆಗೆ ಐಟಂ ಕಡಿಮೆಯೋ, ಹೆಚ್ಚೋ, ಅಥವಾ ಐಟಂಗಳು ಅವೇ ಇದ್ದು ಕ್ರಮ ಮಾತ್ರ ಬೇರೆಯೋ ಎಂಬುದನ್ನು ಸಂದೇಶ ಬಿಡಿಸಿ ಹೇಳುತ್ತದೆ. ಮೊದಲು ಕಾಣೆಯಾಗಿದ್ದ ಮಾಹಿತಿ ಇದೇ.

ದರದ ವಿಷಯದಲ್ಲಿ ಒಂದು ಎಚ್ಚರ. ಬಿಗ್‌ಡೆಸಿಮಲ್‌ನ ಈಕ್ವಲ್ಸ್‌ಗೆ 75.0 ಮತ್ತು 75.00 ಬೇರೆ ಬೇರೆ. ಕಾಲಂ ನ್ಯೂಮೆರಿಕ್ (10,2) ಆಗಿದ್ದರೆ ಡೇಟಾಬೇಸ್‌ನಿಂದ ಬರುವುದು 75.00, ನಿರೀಕ್ಷೆಯನ್ನೂ ಸ್ಟ್ರಿಂಗ್‌ನಿಂದ, ಎರಡು ದಶಾಂಶ ಸ್ಥಾನ ಇಟ್ಟೇ ಕಟ್ಟಬೇಕು. ಡಬಲ್‌ನಿಂದ ಕಟ್ಟಿದರೆ ಇನ್ನೊಂದು ಬಗೆಯ ತಲೆನೋವು.

ಈ ಅಸರ್ಷನ್ ಹಾಕಿ ಓಡಿಸಿದಾಗ ಟೆಸ್ಟ್ ಪಾಸ್ ಆಗಬೇಕಿತ್ತು. ಆಗಲಿಲ್ಲ. ಸಿಐನಲ್ಲಿ ಅಲ್ಲ, ಡೆವಲಪರ್ ಯಂತ್ರದಲ್ಲೇ, ಪ್ರತಿ ಸಲವೂ ಫೇಲ್. ನಿರೀಕ್ಷಿಸದ ಐಟಂ ಒಂದಿದೆ ಎಂಬ ಸಂದೇಶ, ಲಿಸ್ಟ್‌ನಲ್ಲಿ ನಾಲ್ಕು ಟಪಲ್: 101, 204, 310, ಮತ್ತೆ 310.

ಕಾರಣ ಆ ಲೆಫ್ಟ್ ಜಾಯಿನ್. ಮೂರನೆಯ ಐಟಂಗೆ ಎರಡು ರಿಯಾಯಿತಿ ಇದ್ದದ್ದರಿಂದ ಜಾಯಿನ್ ಆ ಸಾಲನ್ನು ಎರಡು ಮಾಡಿ ಕೊಡುತ್ತಿತ್ತು. ಒಂದೇ ಐಟಂಗೆ ಒಂದಕ್ಕಿಂತ ಹೆಚ್ಚು ರಿಯಾಯಿತಿ ಇರುವ ಪ್ರತಿ ಆರ್ಡರ್‌ನಲ್ಲೂ ಆ ಐಟಂ ಒಂದಕ್ಕಿಂತ ಹೆಚ್ಚು ಸಲ, ಬಿಲ್‌ನ ಮೊತ್ತವೂ ತಪ್ಪು. ಹಳೆಯ ಟೆಸ್ಟ್ 0, 1, 2 ನೋಡಿ ಎದ್ದುಹೋಗುತ್ತಿತ್ತು. 3ರ ಜಾಗದಲ್ಲಿ ಯಾರಾದರೂ ಇದ್ದಾರೆಯೇ ಎಂದು ಅದು ಒಮ್ಮೆಯೂ ಕೇಳಿರಲಿಲ್ಲ. ಕಂಟೇನ್ಸ್‌ಓನ್ಲಿ ಹಾಕಿದ್ದರೂ ಇದು ಸಿಕ್ಕುತ್ತಿರಲಿಲ್ಲ, ಏಕೆಂದರೆ ಹೆಚ್ಚಾಗಿ ಬಂದದ್ದು ಹೊಸ ಐಟಂ ಅಲ್ಲ, ಇದ್ದದ್ದರ ನಕಲು. ನಕಲು ಸಾಲುಗಳನ್ನು ತೆಗೆಯುವ ಡಿಸ್ಟಿಂಕ್ಟ್ ಹಾಕಿ ಮುಚ್ಚುವುದೂ ಬೇಡ: ಒಂದೇ ಕೋಡ್, ಒಂದೇ ಪ್ರಮಾಣ, ಒಂದೇ ದರದ ಎರಡು ನಿಜವಾದ ಐಟಂಗಳನ್ನು ಅದು ನುಂಗಿಬಿಡಬಹುದು. ರಿಯಾಯಿತಿಗಳನ್ನು ಬೇರೆ ಕ್ವೆರಿಯಲ್ಲಿ ತಂದು ಐಟಂ ಐಡಿಯಿಂದ ಜೋಡಿಸುವುದು ನೇರ ದಾರಿ.

ಆ ರಿಯಾಯಿತಿಗಳ ಲಿಸ್ಟ್‌ಗೂ ಟೆಸ್ಟ್ ಬೇಕು. ಅಲ್ಲಿ ಕ್ರಮಕ್ಕೆ ಅರ್ಥವಿಲ್ಲ. ಎರಡೂ ಮೊತ್ತದಿಂದ ಕಳೆಯುತ್ತವೆ, ಯಾವುದು ಮೊದಲಾದರೇನು. ಹಾಗಾಗಿ ಕಂಟೇನ್ಸ್‌ಎಕ್ಸಾಕ್ಟ್‌ಲಿ‌ಇನ್‌ಎನಿಆರ್ಡರ್. ಇದು ಕ್ರಮ ಬಿಡುತ್ತದೆ, ಎಣಿಕೆ ಬಿಡುವುದಿಲ್ಲ. ನಕಲು ಬಂದರೆ ಹಿಡಿಯುತ್ತದೆ. ಹ್ಯಾಮ್‌ಕ್ರೆಸ್ಟ್‌ನಲ್ಲಿ ಇದರ ಜೊತೆಗಾರ ಕಂಟೇನ್ಸ್‌ಇನ್‌ಎನಿಆರ್ಡರ್. ಪೈಥಾನ್ ಯುನಿಟ್‌ಟೆಸ್ಟ್‌ನಲ್ಲಿ ಅಸರ್ಟ್‌ಕೌಂಟ್‌ಈಕ್ವಲ್, 3.2ರಿಂದ ಇದೆ. ಹೆಸರು ನೋಡಿ ಉದ್ದ ಮಾತ್ರ ಹೋಲಿಸುತ್ತದೆ ಎಂದುಕೊಳ್ಳುವವರೇ ಹೆಚ್ಚು, ಆದರೆ ಅದು ಒಂದೊಂದು ಐಟಂ ಎಷ್ಟು ಸಲ ಬಂದಿದೆ ಎಂದು ಲೆಕ್ಕ ಹಾಕುತ್ತದೆ.

ಟೆಸ್ಟ್‌ನ ಡೇಟಾವೂ ಸಾಕ್ಷಿ ಹೇಳಬೇಕು

ಇಲ್ಲಿಗೆ ನಿಲ್ಲಿಸಿದರೆ ಇನ್ನೊಂದು ತೂತು ಉಳಿಯುತ್ತದೆ. ಕ್ವೆರಿಯಲ್ಲಿ ಆರ್ಡರ್ ಬೈ ಈಗ ಇದೆ. ಮುಂದೆ ಯಾರೋ ಕ್ವೆರಿ ತಿದ್ದುವಾಗ ಅದನ್ನು ಕೈಬಿಟ್ಟರೆ? ಟೆಸ್ಟ್ ಐಟಂಗಳನ್ನು 1, 2, 3ರ ಕ್ರಮದಲ್ಲೇ ಸೇರಿಸುತ್ತಿದೆ. ಹೊಸ ಕಂಟೇನರ್‌ನಲ್ಲಿ ಆರ್ಡರ್ ಬೈ ಇಲ್ಲದೆಯೂ ಅದೇ ಕ್ರಮ ಬರುತ್ತದೆ, ಟೆಸ್ಟ್ ಪಾಸ್. ಕ್ರಮವನ್ನು ಪರೀಕ್ಷಿಸುವ ಟೆಸ್ಟ್‌ನ ಡೇಟಾ ಕ್ರಮ ತಪ್ಪಿಯೇ ಒಳಗೆ ಹೋಗಬೇಕು.

ಅದಕ್ಕೊಂದು ಲೆಕ್ಕಾಚಾರ ಇದೆ. ಕ್ರಮಸಂಖ್ಯೆ 1ಕ್ಕೆ ಪಿ-204, 2ಕ್ಕೆ ಪಿ-310, 3ಕ್ಕೆ ಪಿ-101 ಕೊಡಿ. ಸೇರಿಸುವಾಗ 2, 3, 1 ಎಂಬ ಕ್ರಮದಲ್ಲಿ ಸೇರಿಸಿ. ಈಗ ಸೇರಿಸಿದ ಕ್ರಮ 310, 101, 204. ಅದರ ತಿರುಗುಮುರುಗು 204, 101, 310. ಕೋಡ್ ಪ್ರಕಾರ ಸಾರ್ಟ್ ಮಾಡಿದರೆ 101, 204, 310. ಬರಬೇಕಾದದ್ದು 204, 310, 101. ನಾಲ್ಕೂ ಬೇರೆ ಬೇರೆ, ಹಾಗಾಗಿ ಮೆಥಡ್ ತಪ್ಪು ಆಧಾರದ ಮೇಲೆ ಜೋಡಿಸಿದರೂ ಅದೃಷ್ಟದಿಂದ ಪಾಸ್ ಆಗುವ ಸಂದು ಇಲ್ಲ. ಎರಡೇ ಐಟಂ ಇದ್ದರೆ ಇದು ಸಾಧ್ಯವೇ ಇಲ್ಲ, ಇರುವ ಕ್ರಮಗಳೇ ಎರಡು. ಕ್ರಮದ ಟೆಸ್ಟ್‌ಗೆ ಕನಿಷ್ಠ ಮೂರು ಐಟಂ ಎಂದು ಇಟ್ಟುಕೊಳ್ಳುವುದು ಇದಕ್ಕೇ. ಮೇಲೆ ಬರೆದ ಅಸರ್ಷನ್‌ನ ಟಪಲ್‌ಗಳನ್ನೂ ಇದಕ್ಕೆ ತಕ್ಕಂತೆ ಮರುಜೋಡಿಸಬೇಕು.

ಆಮೇಲೆ ಟೆಸ್ಟನ್ನೇ ಪರೀಕ್ಷಿಸಿ. ಕ್ವೆರಿಯಿಂದ ಆರ್ಡರ್ ಬೈ ತೆಗೆದು ಓಡಿಸಿ, ಫೇಲ್ ಆಗಬೇಕು. ಹಳೆಯ ಜಾಯಿನ್ ಮರಳಿ ಹಾಕಿ, ಫೇಲ್ ಆಗಬೇಕು. ಮೆಥಡ್ ಖಾಲಿ ಲಿಸ್ಟ್ ಹಿಂತಿರುಗಿಸುವಂತೆ ಮಾಡಿ, ಫೇಲ್ ಆಗಬೇಕು. ಈ ಮೂರನೆಯದನ್ನು ಬಿಡಬೇಡಿ. ಬಂದ ಲಿಸ್ಟ್‌ನ ಉದ್ದದ ತನಕ ಫಾರ್ ಲೂಪ್ ಸುತ್ತಿಸಿ ಒಳಗೆ ಇಂಡೆಕ್ಸ್ ಹಿಡಿದು ಹೋಲಿಸುವ ಟೆಸ್ಟ್‌ಗಳು ಖಾಲಿ ಲಿಸ್ಟ್ ಬಂದರೆ ಒಂದು ಸಲವೂ ಸುತ್ತದೆ ಪಾಸ್ ಆಗುತ್ತವೆ. ಅಸರ್ಟ್‌ಜೆಯ ಆಲ್‌ಸ್ಯಾಟಿಸ್‌ಫೈ ಖಾಲಿ ಲಿಸ್ಟ್‌ಗೆ ಹೌದು ಎನ್ನುವುದೂ ಅದೇ ಕಾರಣಕ್ಕೆ. ಪೈಥಾನ್‌ನ ಜಿಪ್ ಎರಡು ಲಿಸ್ಟ್‌ಗಳಲ್ಲಿ ಚಿಕ್ಕದು ಮುಗಿದಲ್ಲಿಗೆ ನಿಲ್ಲುತ್ತದೆ, 3.10ರಲ್ಲಿ ಬಂದ ಸ್ಟ್ರಿಕ್ಟ್ ಆಯ್ಕೆ ಆನ್ ಮಾಡಿದರೆ ಮಾತ್ರ ಉದ್ದದ ವ್ಯತ್ಯಾಸಕ್ಕೆ ಎರರ್ ಕೊಡುತ್ತದೆ.

ಅದೇ ಫೈಲ್‌ನ ಉಳಿದ ಗೆಟ್‌ಗಳು

ಟೆಸ್ಟ್ ಫೋಲ್ಡರ್‌ನಲ್ಲಿ ಗೆಟ್(0) ಎಂದು ಹುಡುಕಿದರೆ ಸಿಗುವ ಎಲ್ಲವನ್ನೂ ಬದಲಿಸಬೇಕಿಲ್ಲ. ಐಟಂ ಅಳಿಸುವ ಟೆಸ್ಟ್ ಒಂದರಲ್ಲಿ ಸೊನ್ನೆಯ ಜಾಗದಲ್ಲಿರುವುದು ಅಳಿಸಿದ ಕೋಡ್ ಅಲ್ಲ ಎಂಬ ಅಸರ್ಷನ್ ಇತ್ತು. ಇದು ಎಲ್ಲಕ್ಕಿಂತ ಜಾಳು: ಅಳಿಸಬೇಕಾದ ಐಟಂ ಅಳಿಯದೆ 1ರ ಜಾಗಕ್ಕೆ ಸರಿದಿದ್ದರೂ ಪಾಸ್. "ಇಲ್ಲ" ಎಂದು ಹೇಳಬೇಕಾದರೆ ಇಡೀ ಲಿಸ್ಟ್ ನೋಡಿಯೇ ಹೇಳಬೇಕು. ಉಳಿಯಬೇಕಾದವುಗಳನ್ನು ಪೂರ್ತಿ ಹೆಸರಿಸುವುದು ಇನ್ನೂ ಒಳ್ಳೆಯದು. ಜಾವಾಸ್ಕ್ರಿಪ್ಟ್‌ನಲ್ಲಿ ಇದು ಇನ್ನಷ್ಟು ಸಲೀಸಾಗಿ ಮೋಸ ಮಾಡುತ್ತದೆ, ಇಲ್ಲದ ಇಂಡೆಕ್ಸ್ ಕೇಳಿದರೆ ಎರರ್ ಬರದೆ ಅನ್‌ಡಿಫೈನ್ಡ್ ಬರುತ್ತದೆ, ಅದು ಅಳಿಸಿದ ಕೋಡ್‌ಗೆ ಎಂದೂ ಸಮವಲ್ಲ.

ಸೆಟ್‌ನಿಂದ (ಕ್ರಮದ ಭರವಸೆ ಇಲ್ಲದ ಸಂಗ್ರಹದಿಂದ) ಲಿಸ್ಟ್ ಮಾಡಿ ಅದರ ಸೊನ್ನೆಯನ್ನು ನೋಡುವ ಟೆಸ್ಟ್ ಇದ್ದರೆ ಅದನ್ನು ಮೊದಲು ಎತ್ತಿಕೊಳ್ಳಿ. ಜಾವಾ 9ರ ಸೆಟ್.ಆಫ್ ಪ್ರತಿ ಜೆವಿಎಂ ಓಟಕ್ಕೂ ಕ್ರಮ ಬದಲಾಗುವಂತೆ ಬೇಕೆಂದೇ ಉಪ್ಪು (ಸಾಲ್ಟ್ ಎಂಬ ಯಾದೃಚ್ಛಿಕ ಸಂಖ್ಯೆ) ಬೆರೆಸುತ್ತದೆ. ಗೋ ಭಾಷೆಯ ಮ್ಯಾಪ್ ಮೇಲೆ ರೇಂಜ್ ಸುತ್ತಿಸಿದರೂ ಹಾಗೇ. ಪೈಥಾನ್‌ನಲ್ಲಿ 3.3ರಿಂದ ಸ್ಟ್ರಿಂಗ್ ಹ್ಯಾಶ್‌ಗಳು ಓಟದಿಂದ ಓಟಕ್ಕೆ ಬೇರೆಯಾಗುವುದರಿಂದ ಸ್ಟ್ರಿಂಗ್‌ಗಳ ಸೆಟ್‌ಗೂ ನೆಚ್ಚುವಂಥ ಕ್ರಮವಿಲ್ಲ. ಡಿಕ್ಷನರಿಗೆ ಮಾತ್ರ 3.7ರಿಂದ ಸೇರಿಸಿದ ಕ್ರಮದ ಭರವಸೆ ಇದೆ.

ಒಂದೇ ಐಟಂ ಬರಬೇಕಾದ ಕಡೆ ಗೆಟ್(0) ಬದಲು ಸಿಂಗಲ್‌ಎಲಿಮೆಂಟ್ ಬರೆದರೆ ಉದ್ದ ಒಂದೇ ಎಂಬುದೂ ಪರೀಕ್ಷೆಯಾಗುತ್ತದೆ. ಪ್ರತಿ ಐಟಂ ಮೇಲೆ ಬೇರೆ ಬೇರೆ ಬಗೆಯ ಪರೀಕ್ಷೆ ಬೇಕಾದಾಗ ಸ್ಯಾಟಿಸ್‌ಫೈಸ್‌ಎಕ್ಸಾಕ್ಟ್‌ಲಿ ಇದೆ. ಮೊದಲ ಐಟಂಗೆ ಒಂದು ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್), ಎರಡನೆಯದಕ್ಕೆ ಇನ್ನೊಂದು, ಎಣಿಕೆ ಹೊಂದದಿದ್ದರೆ ಫೇಲ್.

ಕೊನೆಗೆ ಆ ಫೈಲ್‌ನಲ್ಲಿ ಒಂದೇ ಒಂದು ಇಂಡೆಕ್ಸ್ ಅಸರ್ಷನ್ ಉಳಿಯುತ್ತದೆ, ಉಳಿಯಬೇಕಾದದ್ದೇ. ಬಿಲ್ ಅನ್ನು ಸಿಎಸ್‌ವಿ ಫೈಲ್ ಆಗಿ ಹೊರಗೆ ಬರೆಯುವ ಮೆಥಡ್‌ನ ಟೆಸ್ಟ್ ಅದು. ಮೊದಲ ಸಾಲು ಕಾಲಂಗಳ ಹೆಸರಿನ ಸಾಲಾಗಿರಬೇಕು. ಇಲ್ಲಿ ಜಾಗವೇ ಅರ್ಥ; ಅದೇ ಸಾಲು ಬೇರೆಲ್ಲಿ ಬಂದರೂ ತಪ್ಪು. ಅಲ್ಲಿಯೂ ಗೆಟ್ ಹೋಗಿ, ಮೊದಲು ಹ್ಯಾಸ್‌ಸೈಜ್(4), ಆಮೇಲೆ ಎಲಿಮೆಂಟ್(0) ಬರುತ್ತದೆ. ಫೈಲ್ ಖಾಲಿಯಾಗಿ ಬಂದರೆ ಗೆಟ್ ಆಗಿದ್ದಲ್ಲಿ "ಇಂಡೆಕ್ಸ್ 0 ಔಟ್ ಆಫ್ ಬೌಂಡ್ಸ್ ಫಾರ್ ಲೆಂಗ್ತ್ 0" ಎಂಬ ಎಕ್ಸೆಪ್ಷನ್ ಎಸೆದು ಟೆಸ್ಟ್ ಕೋಡೇ ಕೆಟ್ಟಿದೆಯೇನೋ ಎಂಬ ಅನುಮಾನ ಹುಟ್ಟಿಸುತ್ತಿತ್ತು. ಈಗ ನಾಲ್ಕು ಸಾಲು ಬೇಕಿತ್ತು, ಒಂದೂ ಬಂದಿಲ್ಲ ಎಂದು ನೇರವಾಗಿ ಹೇಳುತ್ತದೆ.